ಮೂರು ಹೆತ್ತವಳ ಎರಡು ಮಕ್ಕಳು

ಆ ಮನೆಯಲ್ಲಿ ಬದುಕಿದ್ದವರಿಗೆ ಬಿಳಿ ಗುಂಡಿ, ಸತ್ತವರಿಗೆ ಕಪ್ಪು ಗುಂಡಿ. ಗಂಡಸಾದರೆ ಕೋಟಿನ ದೊಡ್ಡ ಗುಂಡಿ, ಹೆಂಗಸಾದರೆ ಅಂಗಿಯ ಚಿಕ್ಕ ಗುಂಡಿ. ಹುಟ್ಟಿದ ಮಗು ಮೊದಲ ಸಲ ಅಳುವ ಮುಂಚೆಯೇ ಮುದುಕ ಅದಕ್ಕೊಂದು ಗುಂಡಿ ಹೊಲಿದಿರುತ್ತಾನೆ ಎಂದು ಬೀದಿಯವರು ತಮಾಷೆ ಮಾಡುತ್ತಿದ್ದರು.

ಮುದುಕರು ಎಂದರೆ ಆ ಮನೆಯ ಸೊಸೆಗೆ ಮಾವ. ಒಂದು ಕಾಲದಲ್ಲಿ ಪೇಟೆಗೆಲ್ಲ ದರ್ಜಿ. ಪೇಟೆಯ ಅರ್ಧ ಜನ ಅವರು ಹೊಲಿದ ಅಂಗಿ ತೊಟ್ಟು ಮದುವೆಯಾದವರು, ಉಳಿದರ್ಧ ಜನ ಅವರು ಹೊಲಿದ ಅಂಗಿ ಸರಿಯಿಲ್ಲವೆಂದು ಜಗಳವಾಡಿದವರು. ಮಂಡಿ ಹಿಡಿದ ಮೇಲೆ ಮೆಷಿನ್ ತುಳಿಯಲಾರೆ ಎಂದು ಕಾಲು ಹಟ ಹಿಡಿಯಿತು. ಅಂಗಡಿ, ಅಂದರೆ ಮನೆಯ ಮುಂದಿನ ಕೋಣೆ, ಸೊಸೆಯ ಪಾಲಿಗೆ ಬಂತು. ಆದರೆ ಬಸ್ಸು ಹತ್ತಿ ಸುತ್ತಲಿನ ಹಳ್ಳಿಗಳನ್ನು ತಿರುಗುವುದಕ್ಕೆ ಅದೇ ಕಾಲಿಗೆ ಯಾವ ತಕರಾರೂ ಇರಲಿಲ್ಲ. ಆ ದಾರಿಯ ಬಸ್ಸಿಗೆ ಮಗನೇ ಡ್ರೈವರ್.

ಹಳ್ಳಿಗಳಲ್ಲಿ ಅವರು ಕೇಳುತ್ತಿದ್ದುದು ಒಂದೇ: ನೀವು ಯಾರ ಮನೆಯವರು, ಎಲ್ಲಿಂದ ಬಂದವರು, ಯಾರಿಗೆ ಯಾರು ಹುಟ್ಟಿದರು. ಹೊಳೆ ದಿಕ್ಕು ಬದಲಿಸಿದಾಗ ಎದ್ದು ಹೋದ ಊರು, ಅಣ್ಣತಮ್ಮಂದಿರು ಒಂದು ಬಾವಿಗಾಗಿ ಬಡಿದಾಡಿ ಎರಡಾದ ಊರು, ಇಟ್ಟಿಗೆ ಭಟ್ಟಿಗೆ ಕೂಲಿಗೆಂದು ಬಂದವರು ಅಲ್ಲೇ ನೆಲೆಸಿ ಊರಾದ ಊರು, ಎಲ್ಲವೂ ಅವರ ನಾಲಿಗೆಯ ತುದಿಯಲ್ಲಿತ್ತು. ಬರೆದುಕೊಳ್ಳುವ ಅಭ್ಯಾಸ ಅವರಿಗಿಲ್ಲ. ಮನೆಗೆ ಬಂದು ಒಂದು ಬೆಡ್‌ಶೀಟ್ ಹರಡಿಕೊಂಡು ಹೊಲಿಯುವರು. ಅಪ್ಪನಿಂದ ಮಗನಿಗೆ ಸರಪಳಿ ಹೊಲಿಗೆ, ಗಂಡನಿಂದ ಹೆಂಡತಿಗೆ ಜೋಡಿ ದಾರ, ಗುಂಡಿಯ ಕೆಳಗೆ ಹೆಸರು. ಒಂದು ಊರಿಗೆ ಒಂದು ಬೆಡ್‌ಶೀಟ್. ಹೀಗಾಗಿ ಮನೆಯ ಮಂಚಗಳು ಒಂದೊಂದಾಗಿ ಬೆತ್ತಲಾದವು.

“ನನ್ನ ಹೂವಿನ ಬೆಡ್‌ಶೀಟ್ ಎಲ್ಲಿ ಅಮ್ಮ?” ಎಂದು ಒಂದು ದಿನ ನಾದಿನಿ ಕೇಳಿದಳು. ಅವಳು ಬಸ್ ನಿಲ್ದಾಣದ ಎದುರಿನ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು, ನಿಂತು ನಿಂತು ಸುಸ್ತಾಗಿ ಬರುವವಳು.

“ಅದು ಹೊಳೆಯಾಚೆ ಊರಾಯ್ತು. ನೀನು ಚಾಪೆ ಹಾಸ್ಕೊ,” ಅಂದರು ಅತ್ತೆ.

ಸೊಸೆಯ ಸಂಕಟ ಬೇರೆ. ಅವಳ ಅಂಗಡಿಯ ಗುಂಡಿಗಳು ಕರಗುತ್ತಿದ್ದವು.

“ಮಾವ, ಮೇಷ್ಟ್ರ ಅಂಗಿಗೆ ಅಂತ ತಂದಿಟ್ಟ ಗುಂಡಿ ಕಾಣ್ತಿಲ್ಲ.”

“ಅದಾ? ಇಟ್ಟಿಗೆ ಭಟ್ಟಿ ಊರಲ್ಲಿ ಅವಳಿ ಹುಟ್ಟಿವೆಯಮ್ಮ.”

“ಅಲ್ಲಿ ಅವಳಿ ಹುಟ್ಟಿದ್ದಕ್ಕೆ ಇಲ್ಲಿ ಮೇಷ್ಟ್ರು ಎದೆ ಬಿಟ್ಕೊಂಡು ಪಾಠ ಮಾಡ್ಬೇಕಾ?”

“ಗಂಡೋ ಹೆಣ್ಣೋ?” ಎಂದು ಅಡುಗೆಮನೆಯಿಂದ ಅತ್ತೆಯ ದನಿ ಬಂತು. ಗಂಡನ ಹುಚ್ಚನ್ನು ಬೈಯುವುದರಲ್ಲಿ ಅವರೇ ಮುಂದು, ಸುದ್ದಿ ಕೇಳುವುದರಲ್ಲೂ ಅವರೇ ಮುಂದು.

ಇಷ್ಟರವರೆಗೆ ಎಲ್ಲ ನಗುವ ಮಾತೇ ಆಗಿತ್ತು. ಊರೂರಿನ ಬಟ್ಟೆ ಮುಗಿಸಿ ಮಾವ ಸ್ವಂತ ಮನೆಯ ಬಟ್ಟೆಗೆ ಕೈ ಹಾಕಿದರು ನೋಡಿ, ಅಲ್ಲಿಂದ ಗ್ರಹಚಾರ ಶುರುವಾಯಿತು.

ಮಾವನ ಅಜ್ಜನ ತಾಯಿ ಮೂರು ಹೆತ್ತವಳು ಎಂದು ಅವರು ಚಿಕ್ಕಂದಿನಲ್ಲಿ ಹಿರಿಯರ ಬಾಯಲ್ಲಿ ಕೇಳಿದ್ದರು. ಆದರೆ ಯಾರನ್ನು ಕೇಳಿದರೂ ಸಿಗುವುದು ಎರಡೇ ಹೆಸರು. ಒಬ್ಬರು ಅವರ ಅಜ್ಜ, ಇನ್ನೊಬ್ಬರು ಅಜ್ಜನ ತಂಗಿ. ನಡುವೆ ಇನ್ನೊಂದು ಮಗು ಇದ್ದಿರಬೇಕು. ಮಾವ ಅಲ್ಲಿ ಗುಂಡಿ ಹಾಕಲು ಒಂದು ಕಾಜಾ ಕತ್ತರಿಸಿ, ಅಂಚು ಹೊಲಿದು, ಖಾಲಿ ಬಿಟ್ಟರು. ಆ ಖಾಲಿ ಕಾಜಾದೊಳಗೆ ಬೆರಳು ತೂರಿಸಿಕೊಂಡು ದಿನವೆಲ್ಲ ಕೂತಿರುತ್ತಿದ್ದರು. ತಟ್ಟೆಯಲ್ಲಿ ಅನ್ನ ತಣ್ಣಗಾಗುತ್ತಿತ್ತು.

“ಸತ್ತವರ ಲೆಕ್ಕ ಸಿಗಲಿಲ್ಲ ಅಂತ ಬದುಕಿರೋರು ಉಪವಾಸ ಸಾಯ್ತಾರಾ? ಹುಟ್ಟಿ ಸತ್ತಿರಬೇಕು ಬಿಡಿ,” ಅತ್ತೆ ಸಿಡುಕಿದರು.

“ಸತ್ತಿದ್ರೆ ಸತ್ತಿತು ಅಂತಿದ್ರು. ಸತ್ತೋರನ್ನ ಯಾರೂ ಮುಚ್ಚಿಡಲ್ಲ,” ಎಂದರು ಮಾವ.

ಅತ್ತೆ ಮರುಮಾತಾಡದೆ ಒಳಗೆ ಹೋದರು. ಅವರು ಮಾತು ಬಿಟ್ಟುಕೊಟ್ಟದ್ದು ಅಪರೂಪ. ಸಿಟ್ಟು ಬಂದಿರಬೇಕು ಎಂದುಕೊಂಡಳು ಸೊಸೆ.

ಮಾವ ಸೊರಗುತ್ತಾ ಬಂದರು. ಒಂದು ಮಧ್ಯಾಹ್ನ ಸೊಸೆ ಗಿರಾಕಿಯ ಕೋಟಿಗೆ ತೋಳು ಕೂರಿಸುತ್ತಿದ್ದಳು. ಪಕ್ಕದ ಸ್ಟೂಲಿನ ಮೇಲೆ ಮಾವ, ಮಡಿಲಲ್ಲಿ ಅದೇ ಬಟ್ಟೆ. ಬೆಳಗಿನಿಂದ ಚಹಾ ಕೂಡ ಕುಡಿದಿಲ್ಲ. ಕೆನ್ನೆ ಒಳಗೆ ಹೋಗಿದೆ. ತವರಿನಲ್ಲಿ ಅಪ್ಪನನ್ನು ಕಾಣದೆ ಬೆಳೆದವಳು ಅವಳು, ಕತ್ತರಿ ಹಿಡಿಯುವುದರಿಂದ ಹಿಡಿದು ಗಿರಾಕಿಯನ್ನು ಗದರಿಸುವವರೆಗೆ ಕಲಿಸಿದ್ದು ಈ ಮಾವ. ಯೋಚಿಸದೆ ಬಾಯಿ ಬಿಟ್ಟಳು.

“ಮಾವ, ಈಗ ನೆನಪಾಯ್ತು. ನಮ್ಮಜ್ಜಿ ಊರಲ್ಲಿ ನಿಮ್ಮ ಕಡೆಯವರೊಬ್ರು ಇದ್ರಂತೆ.”

ಮಾವ ತಲೆಯೆತ್ತಿದರು. “ನಮ್ಮ ಕಡೆ ಅಂದ್ರೆ?”

“ಪೇಟೆಯ ದರ್ಜಿ ಮನೆಯವರು ಅಂತಿದ್ರು. ಮನೆ ಬಿಟ್ಟು ಬಂದೋರಂತೆ. ಮರಗೆಲಸ ಮಾಡ್ಕೊಂಡಿದ್ರಂತೆ. ಬಡಗಿಯಪ್ಪ ಅಂತ ಕರೀತಿದ್ರಂತೆ.”

“ಮತ್ತೆ ಇಷ್ಟು ದಿನ ಯಾಕಮ್ಮ ಹೇಳಲಿಲ್ಲ?”

“ನೀವು ಊಟಕ್ಕೆ ಏಳಿ, ಮಿಕ್ಕಿದ್ದು ಹೇಳ್ತೀನಿ.”

ಅಜ್ಜಿ ಅಂಥದ್ದೇನೂ ಹೇಳಿರಲಿಲ್ಲ. ಬದುಕಿದ್ದಷ್ಟು ದಿನ ಅವರು ಆಡಿದ್ದು ಕೋಳಿಯ ಮಾತು ಮತ್ತು ಮಂಡಿ ನೋವಿನ ಮಾತು. ಸತ್ತವರು ಬಂದು ಸಾಕ್ಷಿ ಹೇಳುವುದಿಲ್ಲ ಎಂಬ ಧೈರ್ಯದ ಮೇಲೆ ಸೊಸೆ ಬಾಯಿಗೆ ಬಂದದ್ದನ್ನು ಹೇಳಿದ್ದಳು. ಆದರೆ ಸುಳ್ಳಿಗೂ ಒಂದು ಮುಖ ಬೇಕಲ್ಲ. ಮಾತಾಡುವಾಗ ಅವಳ ಕಣ್ಣು ಕೈಯಲ್ಲಿದ್ದ ಕೋಟಿನ ಮೇಲಿತ್ತು. ಎಡತೋಳನ್ನು ತಪ್ಪಿ ಗಿಡ್ಡ ಕತ್ತರಿಸಿಬಿಟ್ಟಿದ್ದಳು. ಆ ಗಿಡ್ಡ ತೋಳಿನ ಕೋಟು ತೊಟ್ಟ ಗಂಡಸೊಬ್ಬ ಅವಳ ಮನಸ್ಸಿನಲ್ಲಿ ಬಂದು ನಿಂತ. ಅದನ್ನು ಅವಳು ಬಾಯಿ ಬಿಟ್ಟು ಹೇಳಲಿಲ್ಲ. ಬೇರೆ ತೋಳು ಕತ್ತರಿಸಿ ಕೂರಿಸಿದಳು.

ಅಂದು ಮಾವ ಎರಡು ಸಲ ಅನ್ನ ಹಾಕಿಸಿಕೊಂಡು ಉಂಡರು. ಸೊಸೆ ಮನಸ್ಸಿನಲ್ಲೇ ಬೀಗಿದಳು.

ಮುಂದಿನ ವಾರದಿಂದ ಮಾವ ಆ ಊರಿನ ಬಸ್ಸು ಹಿಡಿದರು. ಹೋಗಿ ಹೋಗಿ ಬಂದರು. ಬರಿಗೈಯಲ್ಲಿ ಬರುತ್ತಾರೆ, ಅಷ್ಟರಲ್ಲಿ ಊಟ ಮತ್ತೆ ರೂಢಿಯಾಗಿರುತ್ತದೆ ಎಂದು ಅವಳ ಲೆಕ್ಕ. ಒಂದು ಭಾನುವಾರ ಎಲ್ಲರೂ ಊಟಕ್ಕೆ ಕೂತಿದ್ದಾಗ ಒಳಗೆ ಬಂದವರು ಕೈಯನ್ನೂ ತೊಳೆಯದೆ ಕೂತರು.

“ಸಿಕ್ಕಿದ,” ಅಂದರು.

“ಯಾರಪ್ಪ?” ಸೊಸೆಯ ಗಂಡ ಕೇಳಿದ.

“ಬಡಗಿಯಪ್ಪ ಕಣೋ. ನಮ್ಮಜ್ಜನ ತಮ್ಮ. ಆ ಊರಿನ ಅರ್ಧ ಬಾಗಿಲು ಅವನು ಮಾಡಿದ್ದೇ. ಮದುವೆ ಆಗಿದ್ದ, ಮಗ ಇದ್ದ. ಮೊಮ್ಮಗಳು ಈಗ್ಲೂ ಇದಾಳೆ, ಮುದುಕಿ. ಅವಳೇ ಹೇಳಿದ್ಲು. ನಾನು ಕೇಳ್ತಾ ಹೋದೆ, ಅವಳು ಹೌದು ಹೌದು ಅಂತ ಹೇಳ್ತಾ ಹೋದ್ಲು.”

ಸೊಸೆಗೆ ನಗು ಬಂತು, ಜೊತೆಗೇ ಸಣ್ಣ ದಿಗಿಲು. ಎಲ್ಲ ಊರಲ್ಲೂ ಒಬ್ಬ ಬಡಗಿ ಇದ್ದೇ ಇರುತ್ತಾನೆ, ಅದರಲ್ಲೇನಿದೆ ಎಂದು ಸಮಾಧಾನ ಮಾಡಿಕೊಂಡಳು.

“ನೋಡಮ್ಮ, ನಿಮ್ಮಜ್ಜಿ ಒಂದು ಮಾತು ನಿನಗೆ ಹೇಳಿರಲಿಲ್ವಾ? ಅವನ ಎಡಗೈ ಗಿಡ್ಡ. ಅಂಗಿ ಹೊಲಿಸುವಾಗ ಎಡತೋಳು ನಾಲ್ಕು ಬೆರಳು ಕಡಿಮೆ ಇಡಿಸ್ತಿದ್ನಂತೆ.”

ಸೊಸೆ ತಟ್ಟೆಯಿಂದ ಕೈ ತೆಗೆದಳು. “ಯಾರು ಹೇಳಿದ್ರು ಮಾವ?”

“ಯಾರೋ ಹೇಳಿದ್ರು. ನೆನಪಿಲ್ಲ. ದರ್ಜಿ ಕಿವಿಗೆ ತೋಳಿನ ವಿಷಯ ಬಿದ್ರೆ ಮರೆಯುತ್ತಾ?”

ಬಡಿಸುತ್ತಿದ್ದ ಅತ್ತೆ ಗಂಡನ ತಟ್ಟೆಗೆ ಅನ್ನ ಹಾಕದೆ, ಪಾತ್ರೆಯನ್ನು ಹಾಗೇ ಎತ್ತಿಕೊಂಡು ಒಳಗೆ ಹೋದರು. ತುಂಬ ಹೊತ್ತು ಬರಲಿಲ್ಲ. ಕೊನೆಗೆ ನಾದಿನಿ ಎದ್ದು ಹೋಗಿ ಬಡಿಸಿದಳು.

ಸೊಸೆ ಆ ಮಾತನ್ನು ಯಾರಿಗೂ ಹೇಳಲಿಲ್ಲ. ಹೇಳುವುದಾದರೂ ಏನನ್ನು? ನಾನು ಮನಸ್ಸಿನಲ್ಲಿ ಅಂದುಕೊಂಡದ್ದನ್ನು ಮಾವ ಹಳ್ಳಿಯಿಂದ ಕೇಳಿಕೊಂಡು ಬಂದರು ಎಂದರೆ ತಲೆ ಕೆಟ್ಟಿದೆ ಎನ್ನುತ್ತಾರೆ. ಮಾವ ಖಾಲಿ ಕಾಜಾದಲ್ಲಿ ಕೋಟಿನ ಕಪ್ಪು ಗುಂಡಿ ತೂರಿಸಿ, ಹಿಂದೆ ದಾರ ಕಟ್ಟಿ, ಬಾಯಲ್ಲೇ ಕಚ್ಚಿ ತುಂಡರಿಸಿದರು. ಕೆಳಗೆ ಹೆಂಡತಿ, ಮಗ, ಮೊಮ್ಮಗಳು ಇಳಿದರು.

ಅದಾದ ಮೇಲೆ ಬಂದ ಗಿರಾಕಿಗಳು ವಿಚಿತ್ರವಾಗಿ ಮಾತಾಡತೊಡಗಿದರು. ಕುಪ್ಪಸದ ಅಳತೆ ಕೊಡಲು ಬಂದವಳು, “ಮೆಟ್ಟಿಲ ಮೇಲೆ ಕೂತಿರೋ ಹಿರಿಯರು ಯಾರು? ಪಾಪ, ನಾನು ಬಂದೆ ಅಂತ ಸರಿದು ಜಾಗ ಬಿಟ್ರು,” ಎಂದಳು. ಸೊಸೆ ಹೋಗಿ ನೋಡಿದರೆ ಮೆಟ್ಟಿಲು ಖಾಲಿ. ತರಕಾರಿಯವಳು, “ನಿಮ್ಮ ಮಾವ ಯಾಕೆ ಬಿಸಿಲಲ್ಲಿ ಕೂತಿದಾರೆ, ಒಳಗೆ ಕರೀಬಾರ್ದಾ?” ಎಂದಳು. ಮಾವ ಹಿತ್ತಿಲ ಕೋಣೆಯಲ್ಲಿ ಗೊರಕೆ ಹೊಡೆಯುತ್ತಿದ್ದರು. ಗಂಡನೂ ಒಂದು ಸಂಜೆ ಬಸ್ಸು ನಿಲ್ಲಿಸಿ ಬಂದು, “ಅಪ್ಪನಿಗೆ ಕೈ ಬೀಸಿದೆ, ತಿರುಗಿ ಬೀಸಲೇ ಇಲ್ಲ, ಸಿಟ್ಟಾ?” ಎಂದು ಕೇಳಿದ. ಯಾರೂ ಹೆದರಿರಲಿಲ್ಲ, ಎಲ್ಲರೂ ಸಹಜವಾಗಿ ಹೇಳಿ ಹೋಗುತ್ತಿದ್ದರು. ಅದೇ ಸೊಸೆಗೆ ಹೆಚ್ಚು ಭಯ ತಂದಿತು. ಬಾಗಿಲಿಗೆ ಬೆನ್ನು ಹಾಕಿ ಕೂತು ಹೊಲಿಯುತ್ತಿದ್ದವಳು ಮೆಷಿನ್ನನ್ನೇ ತಿರುಗಿಸಿಟ್ಟುಕೊಂಡಳು.

ಅಡುಗೆಮನೆಯಲ್ಲಿ ಇನ್ನೊಂದು ರಗಳೆ. ದಿನಾ ಅನ್ನ ಮಿಗುತ್ತಿತ್ತು.

“ಐದು ಜನಕ್ಕೆ ಆರು ಜನದ ಅಕ್ಕಿ ಯಾರೇ ಹಾಕಿದ್ದು?” ಅತ್ತೆ ಗದರಿದರು.

“ಅತ್ತೆ, ಅಕ್ಕಿ ಅಳೆದಿದ್ದು ನೀವೇ.”

ಅತ್ತೆ ಪಾತ್ರೆಯನ್ನೇ ನೋಡುತ್ತಾ ನಿಂತರು. “ಕೈ ತಪ್ಪಿರಬೇಕು,” ಎಂದರು. ಮರುದಿನವೂ ಕೈ ತಪ್ಪಿತು.

ನಾದಿನಿಯ ಮದುವೆ ಗೊತ್ತಾಗಿತ್ತು. ಹುಡುಗ ಬಸ್ ನಿಲ್ದಾಣದ ಪಕ್ಕದಲ್ಲಿ ಗಡಿಯಾರ ರಿಪೇರಿ ಅಂಗಡಿ ಇಟ್ಟವನು. ಕೆಡದ ಗಡಿಯಾರವನ್ನು ನಾದಿನಿ ಮತ್ತೆ ಮತ್ತೆ ರಿಪೇರಿಗೆ ಒಯ್ದದ್ದರಿಂದ ವಿಷಯ ಮನೆಯವರಿಗೆ ತಿಳಿದಿತ್ತು. ಎರಡೂ ಕಡೆ ಒಪ್ಪಿಗೆ. ಅವರು ಪೇಟೆಯವರು ಎಂದಷ್ಟೇ ಗೊತ್ತು, ಮೂಲ ಯಾವ ಊರು ಎಂದು ಯಾರೂ ಕೇಳಿರಲಿಲ್ಲ. ವಂಶದ ಬಟ್ಟೆಗೆ ಹೊಸ ಸಂಬಂಧ ಸೇರಿಸಲೆಂದು ಮಾವ ಒಂದು ಸಂಜೆ ಹುಡುಗನ ಅಪ್ಪನನ್ನು ಕಂಡು ಬಂದರು. ಚಪ್ಪಲಿ ಬಿಡದೆ ಗೋಡೆಗೆ ಒರಗಿ ನಿಂತರು.

“ಈ ಮದುವೆ ಆಗೋದಿಲ್ಲ,” ಅಂದರು.

ಹುಡುಗನ ಅಪ್ಪ ಆ ಹಳ್ಳಿಯ ಮುದುಕಿಯ ತಮ್ಮ. ಅಂದರೆ ಅವರಿಬ್ಬರೂ ಬಡಗಿಯಪ್ಪನ ಮೊಮ್ಮಕ್ಕಳು. ಅಣ್ಣತಮ್ಮಂದಿರ ಎರಡು ಸಾಲು, ಒಂದೇ ಮನೆತನ. ಗಡಿಯಾರದವನು ನಾದಿನಿಗೆ ವರಸೆಯಲ್ಲಿ ಅಣ್ಣನಾಗಬೇಕು.

“ನಾಲ್ಕು ತಲೆ ಹಿಂದೆ ಯಾರೋ ಮನೆ ಬಿಟ್ಟು ಹೋದ ಅಂತ ನಾನು ಮದುವೆ ಬಿಡ್ಬೇಕಾ?” ನಾದಿನಿ ಕೇಳಿದಳು.

“ಅಣ್ಣ ಆಗ್ತಾನೆ ಕಣಮ್ಮ.”

“ನಿನ್ನೆವರೆಗೂ ನಿನಗೆ ಅಳಿಯ ಆಗ್ತಿದ್ದ.”

“ನಿನ್ನೆ ಗೊತ್ತಿರಲಿಲ್ಲ.”

“ಅಪ್ಪ, ನೀನು ಒಂದು ಗುಂಡಿ ಹೊಲಿದು ನನ್ನ ಬಾಳು ಹರಿದೆ,” ಎಂದು ಅವಳು ಎದ್ದು ಹೋದಳು.

ಹುಡುಗನ ಮನೆಯವರೂ ಹಿಂದೆ ಸರಿದರು. ದರ್ಜಿ ಮಾವನ ಬಟ್ಟೆಯಲ್ಲಿ ಬಂದದ್ದು ಸುಳ್ಳಾಗುವುದಿಲ್ಲ ಎಂಬ ನಂಬಿಕೆ ಸುತ್ತಲ ಹಳ್ಳಿಗಳಿಗೆಲ್ಲ ಇತ್ತು. ನಾದಿನಿ ಊಟ ಬಿಟ್ಟಳು. ಅಂಗಡಿಯಲ್ಲಿ ಕೆಮ್ಮಿನ ಔಷಧಿ ಕೇಳಿದವರಿಗೆ ಹೊಟ್ಟೆ ನೋವಿನದು ಕೊಟ್ಟು ಬೈಸಿಕೊಂಡು ಬಂದಳು. ಮೊದಲು ಮಾವನ ತಟ್ಟೆ ತಣ್ಣಗಾಗುತ್ತಿತ್ತು, ಈಗ ಅವಳದು. ಒಂದು ಹೊಟ್ಟೆ ತುಂಬಿಸಲು ಹೋಗಿ ಇನ್ನೊಂದು ಹೊಟ್ಟೆಗೆ ಮಣ್ಣು ಹಾಕಿದೆನಲ್ಲ ಎಂದು ಸೊಸೆ ಒಳಗೊಳಗೇ ಬೆಂದಳು. ಕೊನೆಗೆ ಎಲ್ಲರೂ ತಟ್ಟೆಯ ಮುಂದಿದ್ದಾಗ ಹೇಳಿಬಿಟ್ಟಳು.

“ಮಾವ, ಬಡಗಿಯಪ್ಪ ಅಂತ ಯಾರೂ ಇಲ್ಲ. ನೀವು ಊಟ ಮಾಡ್ಲಿ ಅಂತ ನಾನೇ ಹುಟ್ಟಿಸಿದ್ದು.”

ಗಂಡ ತುತ್ತು ಕೆಳಗಿಟ್ಟ. “ಏನು ಹೇಳ್ತಿದೀಯ ನೀನು?”

“ನಮ್ಮಜ್ಜಿ ಏನೂ ಹೇಳಿರಲಿಲ್ಲ ರೀ. ಸುಳ್ಳು.”

ಮಾವ ಸಿಟ್ಟಾಗಲಿಲ್ಲ. ಮಗುವನ್ನು ನೋಡುವಂತೆ ಅವಳನ್ನು ನೋಡಿದರು. “ನೀನು ಸುಳ್ಳು ಹೇಳ್ತಿರೋದು ಈಗ. ನಾದಿನಿ ಮೇಲಿನ ಅಕ್ಕರೆಗೆ. ನಿನ್ನ ಮನಸ್ಸು ದೊಡ್ಡದು ತಾಯಿ. ಆದ್ರೆ ಇದ್ದವನನ್ನ ಇಲ್ಲ ಅನ್ನಬಾರದು. ಅವನ ಕೈ ಗಿಡ್ಡ ಅಂತ ನೀನು ನನಗೆ ಹೇಳಿದ್ಯಾ?”

“ಇಲ್ಲ.”

“ಮತ್ತೆ? ನೀನು ಹುಟ್ಟಿಸಿದವನಾದ್ರೆ, ನೀನು ಹೇಳದ್ದು ನನಗೆ ಹೇಗೆ ಸಿಕ್ತು?”

ಅವಳ ಬಳಿ ಇದ್ದ ಉತ್ತರ ಆಡುವಂಥದ್ದಾಗಿರಲಿಲ್ಲ. ಸಹಾಯಕ್ಕೆಂದು ಅತ್ತೆಯ ಕಡೆ ನೋಡಿದಳು. ಅತ್ತೆ ಉಪ್ಪಿನ ಬಟ್ಟಲನ್ನು ಸರಿಸಿ ಸರಿಸಿ ಇಡುತ್ತಿದ್ದರು.

ಮರುದಿನ ಅಂಗಡಿಗೆ ಬೀಗ ಹಾಕಿ ಅತ್ತಿಗೆ ನಾದಿನಿ ಇಬ್ಬರೂ ಸೊಸೆಯ ಗಂಡನ ಬಸ್ಸು ಹತ್ತಿದರು. ಹಳ್ಳಿಯ ಕೊನೆಯ ಮನೆಯ ಮುಂದೆ ಮುದುಕಿ ಗೋಣಿಚೀಲದ ಮೇಲೆ ಈರುಳ್ಳಿ ಹರಡಿ ಕೊಳೆತದ್ದನ್ನು ಬೇರೆ ಮಾಡುತ್ತಿದ್ದಳು. ಯಾರೆಂದು ಹೇಳಿಕೊಂಡು, ಸೊಸೆ ಅವಳೆದುರು ಕುಕ್ಕರಗಾಲಲ್ಲಿ ಕೂತು ತಾನೂ ಈರುಳ್ಳಿ ಆರಿಸತೊಡಗಿದಳು.

“ಅಜ್ಜಿ, ನಿಮ್ಮಜ್ಜ ನಮ್ಮ ಮನೆಯವರು ಅಂತ ನಿಮಗೆ ಮೊದಲೇ ಗೊತ್ತಿತ್ತಾ, ಇಲ್ಲ ನಮ್ಮ ಮಾವ ಕೇಳಿದ್ರು ಅಂತ ಹೌದು ಅಂದ್ರಾ? ಈ ಹುಡುಗಿ ಮದುವೆ ನಿಂತಿದೆ. ಒಂದು ನಿಜ ಹೇಳಿ.”

ಮುದುಕಿಯ ಕೈ ನಿಂತಿತು. “ನನ್ನ ಮಾತಿಗೆ ನಿಂತಿದ್ದಾ? ನನ್ನ ತಮ್ಮ ನನಗೆ 'ಸಂಬಂಧ ಕೂಡಿ ಬರಲಿಲ್ಲ' ಅಂತಷ್ಟೇ ಹೇಳಿದ.” ಕೈಯಲ್ಲಿದ್ದ ಈರುಳ್ಳಿಯನ್ನು ಕೆಳಗಿಟ್ಟು ಮುಂದುವರಿಸಿದಳು. “ನೋಡು ಮಗಳೇ, ಆ ಮನುಷ್ಯ ಇಲ್ಲೇ ಈ ಕಲ್ಲಿನ ಮೇಲೆ ಕೂತು ಕೇಳಿದ. ಹಸಿದೋನು ಅನ್ನ ಕೇಳಿದ ಹಾಗೆ ಕೇಳಿದ. ನಿಮ್ಮಜ್ಜ ಪೇಟೆಯಿಂದ ಬಂದಿದ್ರಾ ಅಂದ, ಹೂಂ ಅಂದೆ. ದರ್ಜಿ ಮನೆಯವರಾ ಅಂದ, ಹೂಂ ಅಂದೆ. ಇಲ್ಲ ಅನ್ನೋಕೆ ಬಾಯಿ ಬರಲಿಲ್ಲ. ನಮ್ಮಜ್ಜ ಮರಗೆಲಸದವನು ಅನ್ನೋದೊಂದೇ ನಿಜ. ಅವನು ಹುಟ್ಟಿದ್ದು ಈ ಊರಲ್ಲೇ, ಆ ಮೂಲೆಮನೇಲಿ.”

ನಾದಿನಿ ಅತ್ತಿಗೆಯ ಭುಜ ಹಿಡಿದುಕೊಂಡು ಅತ್ತಳು. ಸೊಸೆಗೂ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಹೊಟ್ಟೆ ತುಂಬಿಸಲು ಸುಳ್ಳು ಹೇಳಿದವಳು ತಾನೊಬ್ಬಳೇ ಅಲ್ಲವಲ್ಲ ಎಂದು.

“ಮತ್ತೆ ಎಡಗೈ ಗಿಡ್ಡ ಅಂತ ಯಾಕೆ ಹೇಳಿದ್ರಿ ಅಜ್ಜಿ?”

“ನಾನೆಲ್ಲಿ ಹೇಳಿದೆ? ನಮ್ಮಜ್ಜನ ಎರಡು ಕೈಯೂ ನೆಟ್ಟಗಿದ್ವು, ಆ ಕೈಯಲ್ಲೇ ನನ್ನ ಎತ್ತಿ ಆಡಿಸ್ತಿದ್ದ. ಗಿಡ್ಡ ಕೈ ಮಾತು ನಿಮ್ಮ ಮಾವನೇ ಹೇಳ್ಕೊಂಡು ಬಂದಿದ್ದು. ಮನೆ ಬಾಗಿಲಲ್ಲಿ ಯಾರೋ ಹೇಳಿದ್ರು ಅಂದ.”

“ಯಾವ ಮನೆ ಬಾಗಿಲಲ್ಲಿ?”

“ನಿಮ್ಮನೇದೇ. ಬಸ್ಸಿಗೆ ಹೊರಡುವಾಗ ಮೆಟ್ಟಿಲ ಮೇಲೆ ಸಿಕ್ಕಿದ್ರು ಅಂದ.”

ಬಿಸಿಲು ಸುಡುತ್ತಿತ್ತು. ಆದರೂ ಸೊಸೆ ಸೆರಗನ್ನು ಮೈತುಂಬ ಹೊದ್ದುಕೊಂಡಳು. ಅವಳು ಆ ಮಾತನ್ನು ಅಲ್ಲಿಗೇ ಬಿಟ್ಟು, ಮುದುಕಿಯನ್ನು ಎಬ್ಬಿಸಿಕೊಂಡು, ಮಧ್ಯಾಹ್ನದ ಬಸ್ಸಿಗೆ ಪೇಟೆಗೆ ಕರೆತಂದಳು.

ಮುದುಕಿ ಮಾವನೆದುರು ಕೂತು ಅಷ್ಟನ್ನೂ ಹೇಳಿ ಕೈಮುಗಿದಳು. ಮೆಟ್ಟಿಲ ಮೇಲೆ ಮಾತಾಡಿಸಿದ್ದು ಯಾರೆಂದು ಮಗ ಕೇಳಿದ್ದಕ್ಕೆ ಮಾವ, “ಗಿರಾಕಿ ಅಂದ್ಕೊಂಡೆ. ಮುಖ ನೋಡಲಿಲ್ಲ,” ಎಂದರು. ಆಮೇಲೆ ಮನೆಯ ಬಟ್ಟೆಯನ್ನು ತಂದು ಸೊಸೆಯ ಮಡಿಲಿಗೆ ಹಾಕಿದರು.

“ನೀನೇ ಹೊಲಿಸಿದ್ದು, ನೀನೇ ಬಿಚ್ಚಮ್ಮ. ಮದುವೆ ನಡೀಲಿ.” ಹಿತ್ತಿಲ ಕೋಣೆಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಸುತ್ತ ಹತ್ತೂರಿಗೆ ಅಜ್ಜ ಮುತ್ತಜ್ಜರನ್ನು ಹುಡುಕಿಕೊಟ್ಟವರು ಸ್ವಂತ ಮನೆಯಲ್ಲಿ ಸೋತಿದ್ದರು.

ಮರುದಿನ ಬಿಸಿಲೇರಿದ ಮೇಲೆ ಸೊಸೆ ಅಂಗಡಿಯಲ್ಲಿ ಕೂತು ಬಿಚ್ಚತೊಡಗಿದಳು. ಧೂಳು ಬರುತ್ತದೆಂದು ಬೀದಿ ಬಾಗಿಲು ಮುಚ್ಚಿತ್ತು. ಪಕ್ಕದಲ್ಲಿ ನಾದಿನಿ ಮದುವೆಯ ಬಟ್ಟೆಯ ಅಂಚಿಗೆ ಹೆಮ್ಮಿಂಗ್ ಹಾಕುತ್ತಾ ಮೆಲ್ಲಗೆ ಏನೋ ಗುನುಗುತ್ತಿದ್ದಳು. ಸಂಬಂಧ ಮತ್ತೆ ಕೂಡಿತ್ತು, ಗಡಿಯಾರದವನು ಬೆಳಿಗ್ಗೆಯೇ ಬಂದು ಅತ್ತೆಯ ಕೈಯ ಚಹಾ ಕುಡಿದು ಹೋಗಿದ್ದ. ಸೊಸೆ ಮೊಮ್ಮಕ್ಕಳನ್ನು ಬಿಚ್ಚಿದಳು, ಮಗನನ್ನು ಬಿಚ್ಚಿದಳು, ಹೆಂಡತಿಯನ್ನು ಬಿಚ್ಚಿದಳು. ಕೊನೆಗೆ ಅವನೊಬ್ಬನೇ ಉಳಿದ. ಮಾವ ಆ ಗುಂಡಿಯನ್ನು ಎಷ್ಟು ಬಿಗಿಯಾಗಿ ಕಟ್ಟಿದ್ದರೆಂದರೆ ಕತ್ತರಿಯ ತುದಿ ಒಳಗೆ ಹೋಗುತ್ತಿರಲಿಲ್ಲ. ಇಲ್ಲದವನನ್ನು ಬಿಚ್ಚುವುದಕ್ಕೆ ಇಷ್ಟು ಸಂಕಟವೇಕೆ ಎಂದು ಅವಳಿಗೇ ಆಶ್ಚರ್ಯವಾಯಿತು. ಕಣ್ಣು ತುಂಬಿತು.

ಆಗ ಬಾಗಿಲ ಕೆಳಗಿನ ಸಂದಿ ಅವಳ ಕಣ್ಣಿಗೆ ಬಿತ್ತು. ಬಿಸಿಲಿನ ಗೆರೆಯ ನಡುವೆ ಅಗಲವಾದ ನೆರಳು. ಮೆಟ್ಟಿಲ ಮೇಲೆ ಯಾರೋ ಬಾಗಿಲಿಗೆ ಒರಗಿ ಕೂತಂತೆ. ಅವಳು ಕಿರುಚಲಿಲ್ಲ. ಇಷ್ಟು ವಾರ ಹೆದರಿ ಹೆದರಿ ಹೆದರಿಕೆಯೇ ಸವೆದಿತ್ತು. ಮುನಿಸಿಕೊಂಡ ನೆಂಟರಿಗೆ ಹೇಳುವಂತೆ, ಆ ಬಾಗಿಲಿಗೆ ಮೆಲ್ಲಗೆ ಹೇಳಿದಳು.

“ಮದುವೆ ಒಂದು ಮುಗೀಲಿ. ಆಮೇಲೆ ಕರೀತೀವಿ. ಅಲ್ಲೀತನಕ ಹೊರಗಿರು.”

ಹಿಂದೆ ಏನೋ ಬಿದ್ದ ಸದ್ದಾಯಿತು. ಅತ್ತೆ ನಿಂತಿದ್ದರು. ಚಹಾ ನೆಲದ ಮೇಲೆ ಹರಿಯುತ್ತಿತ್ತು.

“ಈ ಮಾತು ನಿನಗೆ ಯಾರು ಹೇಳಿಕೊಟ್ರು?”

“ಯಾರೂ ಇಲ್ಲ ಅತ್ತೆ. ಸುಮ್ನೆ ಬಾಯಿಗೆ ಬಂತು.”

ಅತ್ತೆ ಗೋಡೆ ಹಿಡಿದು ನೆಲದ ಮೇಲೆ ಕೂತರು. ಅವರ ಜೋರು ದನಿ ಎಲ್ಲೋ ಹೋಗಿತ್ತು.

“ನಾನು ಈ ಮನೆಗೆ ಹೊಸದಾಗಿ ಬಂದಾಗ ನಮ್ಮತ್ತೆ ಹೇಳಿದ್ದು. ಅವರಿಗೆ ಅವರತ್ತೆ ಹೇಳಿದ್ದು. ಮೂರನೆಯವನೊಬ್ಬ ಇದ್ದ ಕಣೇ. ನಡುವಿನ ಮಗ. ಹುಟ್ಟುವಾಗಲೇ ಎಡಗೈ ಗಿಡ್ಡ. ತಂಗಿಯನ್ನ ನೋಡೋಕೆ ಗಂಡಿನ ಕಡೆಯವರು ಬರೋರಿದ್ರು. ಇಂಥವನೊಬ್ಬ ಮನೇಲಿದಾನೆ ಅಂತ ಗೊತ್ತಾದ್ರೆ ಹುಡುಗೀನ ಒಪ್ಪಲ್ಲ ಅಂತ ಹೆದರಿದ್ರು. ಆಗ ಅವನಿಗೆ ಹೇಳಿದ್ದು ಇದೇ ಮಾತು. ಮದುವೆ ಒಂದು ಮುಗೀಲಿ, ಆಮೇಲೆ ಕರೀತೀವಿ, ಅಲ್ಲೀತನಕ ಹೊರಗಿರು ಅಂತ.”

“ಕರೆದ್ರಾ ಅತ್ತೆ?”

“ಮದುವೆ ಆಯ್ತು. ಆಮೇಲೆ ಅವಳ ಬಾಣಂತನ. ಆಮೇಲೆ ಇನ್ನೇನೋ. ಈಗ ಕರೆದ್ರೆ ಮೊದಲೇ ಯಾಕೆ ಮುಚ್ಚಿಟ್ರಿ ಅಂತ ಬೀಗರು ಕೇಳ್ತಾರೆ ಅಂದ್ಕೊಂಡ್ರು. ಸ್ವಲ್ಪ ಕಾಲ ಆ ಮೆಟ್ಟಿಲ ಮೇಲೇ ಕೂತಿದ್ನಂತೆ. ಹೆಂಗಸರು ಕದ್ದು ಅನ್ನ ಹಾಕ್ತಿದ್ರು. ಒಂದು ದಿನ ಇರಲಿಲ್ಲ.”

“ಮಾವ ಅಷ್ಟು ಒದ್ದಾಡುವಾಗ ನೀವು ಹೇಳಬಾರದಿತ್ತಾ?”

“ಅವರು ಊರೂರು ತಿರುಗಿ ಕೇಳಿದ್ರು. ಅಡುಗೆಮನೆಗೆ ಬಂದು ನನ್ನ ಒಂದು ಮಾತು ಕೇಳಿದ್ರಾ? ನಾನು ಹೊರಗಿನಿಂದ ಬಂದೋಳು, ಈ ವಂಶದ ವಿಷಯ ನನಗೇನು ಗೊತ್ತು ಅಂತ.” ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು. “ಕೇಳಿದ್ರೂ ನಾನು ಹೇಳ್ತಿದ್ದೆನೋ ಇಲ್ವೋ. ಮಗಳ ಮದುವೆ ಎದುರಿಗಿತ್ತು. ನಾನೂ ಅವರ ಹಾಗೇ ಹೆದರಿದೆ.”

“ಅವರ ಹೆಸರೇನು?”

“ಹೆಸರು ಆಡಿದ್ರೆ ಬಂದುಬಿಡ್ತಾನೆ ಅಂತ ಅದೊಂದನ್ನ ಮಾತ್ರ ಯಾರೂ ಯಾರಿಗೂ ಹೇಳಲಿಲ್ಲ.”

ನಾದಿನಿ ಸೂಜಿಯನ್ನು ಬಟ್ಟೆಗೆ ಚುಚ್ಚಿ ಪಕ್ಕಕ್ಕಿಟ್ಟಳು.

“ಅತ್ತಿಗೆ, ನನ್ನ ಮದುವೆಗೋಸ್ಕರ ಯಾರೂ ಹೊರಗೆ ಕೂರೋದು ಬೇಡ.”

“ಅವರ ಕಡೆಯವರು ಏನಾದ್ರೂ ಅಂದ್ರೆ?” ಅತ್ತೆ ಕೇಳಿದರು.

“ಅಂದ್ರೆ ಅನ್ನಲಿ. ನಿಲ್ಲೋದಾದ್ರೆ ನಿಲ್ಲಲಿ. ಬಾಗಿಲು ತೆಗೀರಿ ಅತ್ತಿಗೆ.”

ಸೊಸೆ ಚಿಲಕ ತೆಗೆದಳು. ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ. ಬೀದಿಯಲ್ಲಿ ಸೈಕಲ್ಲೊಂದು ಹಾದುಹೋಯಿತು, ಎದುರು ಮನೆಯವಳು ಒಗೆದ ಬಟ್ಟೆ ಕೊಡವುತ್ತಿದ್ದಳು. ಹೇಗೆ ಕರೆಯುವುದು? ಹೆಸರಿಲ್ಲ. ಅಜ್ಜ ಎನ್ನಲೇ? ಹೋದಾಗ ಅವನು ಹುಡುಗ. ಹುಡುಗ ಎನ್ನಲೇ? ಜನ ಕಂಡದ್ದು ಮುದುಕನನ್ನು. ಅವಳು ಬಾಗಿಲಿನಿಂದ ಒಂದು ಹೆಜ್ಜೆ ಸರಿದು ದಾರಿ ಬಿಟ್ಟಳು.

“ಒಳಗೆ ಬಾಪ್ಪ,” ಎಂದಳು. “ಊಟದ ಹೊತ್ತಾಯ್ತು.”

ನೆಲದ ಮೇಲೆ ಕೂತಿದ್ದ ಅತ್ತೆ ಎದ್ದು, ಯಾರಿಗೋ ಎಡೆ ಮಾಡಿಕೊಡುವಂತೆ ಗೋಡೆಗೆ ಅಂಟಿಕೊಂಡರು. ಅವರ ಸೆರಗು ತಾನಾಗಿ ಸ್ವಲ್ಪ ಅಲುಗಿ ಸುಮ್ಮನಾಯಿತು. ಹಿತ್ತಿಲ ಕೋಣೆಯಲ್ಲಿ ಮಂಚ ಕಿರುಗುಟ್ಟಿತು. ಮಾವ ಎದ್ದು ಕೂತಿರಬೇಕು.

“ಯಾರು ಬಂದಿದ್ದು?” ಎಂದು ಅಲ್ಲಿಂದ ಕೇಳಿದರು.

ನಾದಿನಿ ಅಮ್ಮನ ಮುಖ ನೋಡಿದಳು. ಅತ್ತೆ ಬೀದಿ ಬಾಗಿಲು ಮುಚ್ಚಿ ಚಿಲಕ ಹಾಕಿದರು.

“ಮನೆಯವರೇ ಕಣ್ರೀ,” ಎಂದರು. “ಎಲ್ಲ ಬಂದಾಯ್ತು. ಕೈ ತೊಳ್ಕೊಂಡು ಬನ್ನಿ.”